ಕ್ರಿಯೆಯಿಂದಲ್ಲ, ನಂಬಿಕೆಯಿಂದ ಅಂತ ಗೊತ್ತು. ಆದರೆ ನನ್ನ ನಂಬಿಕೆ ಸಾಕಾ?

ಅರೆನಂಬಿಕೆ

ಎಲ್ಲರಿಗೂ ವಂದನೆಗಳು. ಇಲ್ಲಿ ತುಂಬ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಮೊದಲ ಸಲ. ಸ್ವಲ್ಪ ಉದ್ದ ಆಗುತ್ತದೆ.

ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ. ಎಫೆಸ 2:8-9 ನನಗೆ ಬಾಯಿಪಾಠ. ಸಂಡೇ ಸ್ಕೂಲ್ ಮಕ್ಕಳಿಗೆ ಅದನ್ನು ಕಲಿಸುವವನೇ ನಾನು. "ಇಷ್ಟೆಲ್ಲ ಒಳ್ಳೆಯದು ಮಾಡಿದ್ದೇನೆ, ದೇವರು ನನ್ನನ್ನು ಸೇರಿಸಿಕೊಳ್ಳುತ್ತಾನಾ" ಅಂತ ಯಾರಾದರೂ ಕೇಳಿದರೆ ಉತ್ತರ ಹೇಳಲು ತಡವರಿಸುವುದಿಲ್ಲ.

ನನ್ನ ಕಷ್ಟ ಬೇರೆ. ಕ್ರಿಯೆಗಳ ಲೆಕ್ಕ ಬಿಟ್ಟೆ, ಈಗ ನಂಬಿಕೆಯ ಲೆಕ್ಕ ಶುರುವಾಗಿದೆ. ನಾನು ನಿಜವಾಗಿ ನಂಬಿದ್ದೇನಾ? ಬಾಯಲ್ಲಿ ಹೇಳಿದ್ದು ಮನಸ್ಸಿಗೆ ಇಳಿದಿದೆಯಾ? ಚಿಕ್ಕವನಿದ್ದಾಗ ಕೂಟದಲ್ಲಿ ಕೈ ಎತ್ತಿ, ಮುಂದೆ ಹೋಗಿ, ನಾನು ಪಾಪಿ, ಯೇಸುವನ್ನು ನಂಬುತ್ತೇನೆ ಅನ್ನುವ ಪಾಪಿಯ ಪ್ರಾರ್ಥನೆ ಹೇಳಿದೆ. ಆಮೇಲೆ ಅವತ್ತು ಅರ್ಥವಾಗದೆ ಹೇಳಿರಬಹುದು ಅಂತ ಮತ್ತೆ ಹೇಳಿದೆ. ಅದಾದ ಮೇಲೆ, ಪಶ್ಚಾತ್ತಾಪ ಸಾಲದಾಗಿತ್ತೇನೋ ಅಂತ ಇನ್ನೊಮ್ಮೆ. ಈಗ ರಾತ್ರಿ ಮಲಗುವ ಮೊದಲು ಅದೇ ಪ್ರಾರ್ಥನೆ ಸುಮ್ನೆ ತಾನಾಗಿ ಬರುತ್ತದೆ, ಬೆಳಿಗ್ಗೆ ಎದ್ದರೆ ಮತ್ತೆ ಅದೇ ಅನುಮಾನ.

ಸಭೆಯಲ್ಲಿ ಬೇರೆಯವರು ಸಾಕ್ಷಿ ಹೇಳುವಾಗ ಆ ದಿನ, ಆ ಗಳಿಗೆ, ಕಣ್ಣೀರು, ಸಮಾಧಾನ ಎಲ್ಲ ಹೇಳುತ್ತಾರೆ. ನನಗೆ ಅಂಥದ್ದೇನೂ ಇಲ್ಲ. "ನಂಬಿದರೆ ಸಾಕು" ಅನ್ನುವ ಮಾತು ಎಲ್ಲರಿಗೂ ಹಗುರ, ನನಗೆ ಮಾತ್ರ ಭಾರ. ಒಳ್ಳೆಯ ಕೆಲಸವಾದರೆ ಮಾಡಿದೆನೋ ಇಲ್ಲವೋ ಅಂತ ಗೊತ್ತಾದರೂ ಆಗುತ್ತಿತ್ತು. ನಂಬಿಕೆಯನ್ನು ಹೇಗೆ ನೋಡಿಕೊಳ್ಳುವುದು?

ದಯವಿಟ್ಟು "ಪ್ರಾರ್ಥನೆ ಜಾಸ್ತಿ ಮಾಡಿ" ಅಂತ ಮಾತ್ರ ಹೇಳಬೇಡಿ.

ಬೆರೋಯದವನು

ಸಹೋದರ, ವಾಕ್ಯ ಏನು ಹೇಳುತ್ತದೋ ಅಲ್ಲಿ ನಿಲ್ಲಿ. ಯೋಹಾನ 5:24: ಕೇಳಿ ನಂಬುವವನು ಮರಣದಿಂದ ಪಾರಾಗಿ ಜೀವಕ್ಕೆ ಸೇರಿ ಆಗಿದೆ. ಮುಂದೆ ಯಾವತ್ತೋ ಸೇರುತ್ತಾನೆ ಅಂತಲ್ಲ. ರೋಮಾ 8:1: ಕ್ರಿಸ್ತನಲ್ಲಿರುವವರಿಗೆ ಅಪರಾಧ ನಿರ್ಣಯವೇ ಇಲ್ಲ. 1 ಯೋಹಾನ 5:13: ನಿಮಗೆ ನಿತ್ಯಜೀವ ಇದೆ ಅಂತ ನಿಮಗೆ *ಗೊತ್ತಾಗಲಿ* ಅಂತಲೇ ಬರೆದಿದ್ದೇನೆ ಅನ್ನುತ್ತಾನೆ. ಗೊತ್ತಾಗುವುದು ಸಾಧ್ಯ ಅಂತ ಆಯಿತಲ್ವಾ?

ಅರೆನಂಬಿಕೆ

ಆಯಿತು ಸಹೋದರ, ಆದರೆ ಆ 5:13ಕ್ಕೆ ಬರುವ ಮೊದಲು ನಾಲ್ಕು ಅಧ್ಯಾಯ ದಾಟಬೇಕು. ಆಜ್ಞೆಗಳನ್ನು ಕೈಕೊಳ್ಳದವನು ಸುಳ್ಳುಗಾರ ಅಂತ 2:4ರಲ್ಲಿದೆ. ಸಹೋದರನನ್ನು ಪ್ರೀತಿಸದವನು ಮರಣದಲ್ಲೇ ಇದ್ದಾನೆ ಅಂತ 3:14ರಲ್ಲಿದೆ. ಭರವಸೆ ಸಿಗಲಿ ಅಂತ ಆ ಪತ್ರಿಕೆ ತೆರೆದರೆ ಪರೀಕ್ಷೆ ಬರೆದು ನಪಾಸಾದ ಹಾಗೆ ಮುಚ್ಚಿಡುತ್ತೇನೆ. ಮತ್ತೆ ಕ್ರಿಯೆಗೇ ಬಂದು ನಿಂತ ಹಾಗಾಯಿತು.

ಹಳೇ ಓದುಗ

ತಮ್ಮಾ, ನೀನು ಕೇಳಿದ ಪ್ರಶ್ನೆ ಹೊಸದಲ್ಲ. ನಾನೂರೈವತ್ತು ವರ್ಷದ ಹಿಂದೆಯೇ ಯಾರೋ ಇದನ್ನೇ ಕೇಳಿಕೊಂಡು ಉತ್ತರ ಬರೆದಿಟ್ಟಿದ್ದಾರೆ. ಜರ್ಮನಿಯ ಪ್ರೊಟೆಸ್ಟೆಂಟರು ನಂಬಿಕೆ ಕಲಿಸಲು ಬರೆದ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರದಲ್ಲಿ 60ನೇ ಪ್ರಶ್ನೆ, ದೇವರ ಮುಂದೆ ನೀನು ನೀತಿವಂತನಾಗುವುದು ಹೇಗೆ ಅಂತ. ಉತ್ತರ: ನನ್ನ ಮನಸ್ಸಾಕ್ಷಿ ನನ್ನ ಮೇಲೆ ತಪ್ಪು ಹೊರಿಸುತ್ತಿದ್ದರೂ, ಕ್ರಿಸ್ತನ ನೀತಿಯನ್ನು ದೇವರು ನನ್ನದಾಗಿ ಎಣಿಸುತ್ತಾನೆ. ಮನಸ್ಸಾಕ್ಷಿ ಸುಮ್ಮನಾದ ಮೇಲೆ ಅಂತ ಹೇಳಿಲ್ಲ ನೋಡು. ಅದು ಒಳಗೆ ಕೂಗಾಡುತ್ತಿರುವಾಗಲೇ.

ನಿನಗೆ ಬೇಕಾದದ್ದು ಮುಂದಿನ ಪ್ರಶ್ನೆ, 61. ನಂಬಿಕೆಯಿಂದ ಮಾತ್ರ ಅಂತ ಯಾಕೆ ಹೇಳುತ್ತೀಯ? ಉತ್ತರದ ಮೊದಲ ಮಾತೇ ಇದು: ನನ್ನ ನಂಬಿಕೆಗೆ ಯೋಗ್ಯತೆ ಇದೆ ಅಂತ ದೇವರು ನನ್ನನ್ನು ಮೆಚ್ಚಿದ್ದಾನೆ ಅಂತಲ್ಲ. ಕ್ರಿಸ್ತನು ಮಾಡಿದ್ದೇ ನನ್ನ ನೀತಿ, ಅದನ್ನು ಪಡೆದುಕೊಳ್ಳಲು ನಂಬಿಕೆ ಬಿಟ್ಟರೆ ಬೇರೆ ದಾರಿ ಇಲ್ಲ, ಅಷ್ಟೆ.

ಅಂದರೆ ದೇವರು ನಿನ್ನ ನಂಬಿಕೆಯನ್ನು ತೂಗಿ ನೋಡಿ ರಕ್ಷಣೆ ಕೊಡುತ್ತಿಲ್ಲ. ನೀನು ನಂಬಿಕೆಯನ್ನು ಒಂದು ಸತ್ಕ್ರಿಯೆ ಮಾಡಿಕೊಂಡಿದ್ದೀಯ. ಮೊದಲು ದಾನಧರ್ಮ, ಉಪವಾಸ ಇದ್ದ ಜಾಗದಲ್ಲಿ ಈಗ "ಸರಿಯಾದ ನಂಬಿಕೆ" ಕೂತಿದೆ. ಜಾಗ ಮಾತ್ರ ಅದೇ. ನಮ್ಮ ಕಡೆಯ ಬೋಧನೆಯೂ ಇದಕ್ಕೆ ಸ್ವಲ್ಪ ಕಾರಣ ಅಂತ ನನ್ನ ಅಭಿಪ್ರಾಯ. ನಂಬು ನಂಬು ಅಂತ ಒತ್ತಾಯ ಮಾಡುವ ಭರದಲ್ಲಿ ಯಾರನ್ನು ನಂಬುವುದು ಅಂತ ಹೇಳುವುದೇ ಕಡಿಮೆಯಾಗಿದೆ. ಕೇಳಿದವರು ಮನೆಗೆ ಹೋಗಿ ತಮ್ಮ ಒಳಗನ್ನೇ ಕೆದಕುತ್ತಾ ಕೂರುತ್ತಾರೆ. ಗಳಿಗೆಗೊಮ್ಮೆ ನಾಡಿ ಹಿಡಿದು ನೋಡಿಕೊಳ್ಳುವವನಿಗೆ ಆ ಗಾಬರಿಗೇ ಎದೆಬಡಿತ ಜಾಸ್ತಿಯಾಗುತ್ತದೆ, ಅದೇ ಕಥೆ.

ಮಾರ್ಕ 9ರಲ್ಲಿ ದೆವ್ವ ಹಿಡಿದ ಹುಡುಗನ ತಂದೆ ಬರುತ್ತಾನಲ್ಲ, ಅವನನ್ನು ನೋಡು. "ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು" ಅನ್ನುತ್ತಾನೆ. ಒಂದೇ ಉಸಿರಿನಲ್ಲಿ ಎರಡೂ ಇದೆ. ಯೇಸು ಅವನಿಗೆ ಹೋಗಿ ನಂಬಿಕೆ ಪೂರ್ತಿ ಮಾಡಿಕೊಂಡು ಬಾ ಅನ್ನಲಿಲ್ಲ. ಮಗ ವಾಸಿಯಾದ. ನಿನ್ನ ಹೆಸರು ನೋಡಿದಾಗಲೇ ನನಗೆ ಆ ಅಪ್ಪನ ನೆನಪಾಯಿತು.

ಪ್ರೊಟೆಸ್ಟೆಂಟ್ ಸುಧಾರಣೆ ಶುರುಮಾಡಿದ ಲೂಥರ್ ವಿಷಯ ನಿನಗೆ ಗೊತ್ತೇ ಇರುತ್ತದೆ. 1505ರಲ್ಲಿ ಎರ್ಫರ್ಟ್‌ನ ಅಗಸ್ಟಿನ್ ಮಠ ಸೇರಿದ. ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಹೊರಗೆ ಬರುವಷ್ಟರಲ್ಲಿ ಬಿಟ್ಟುಹೋದ ಪಾಪ ನೆನಪಾಗುತ್ತಿತ್ತು. ಅವನ ಮೇಲಿನವರಾದ ಸ್ಟೌಪಿಟ್ಸ್ ಅವನಿಗೆ ಹೇಳಿದ್ದು ಕ್ರಿಸ್ತನ ಗಾಯಗಳ ಕಡೆ ನೋಡು ಅಂತ. ಇನ್ನೂ ಆಳವಾಗಿ ನಿನ್ನನ್ನು ಪರೀಕ್ಷಿಸಿಕೋ ಅನ್ನಲಿಲ್ಲ. ಲೂಥರ್ ಕೊನೆಯವರೆಗೂ ಆ ಮಾತು ಮರೆಯಲಿಲ್ಲ.

ಯಾಕೋಬ_2_17

ಎಲ್ಲರೂ ಸಮಾಧಾನ ಮಾಡುತ್ತಿದ್ದೀರಿ, ಒಳ್ಳೆಯದು. ಆದರೆ ಒಂದು ಕಡೆಯ ಮಾತು ಮಾತ್ರ ಕೇಳುತ್ತಿದೆ. ಯಾಕೋಬನ ಪತ್ರಿಕೆ ಓದಿ: ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು. ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ (2:19). ಮನುಷ್ಯನು ನೀತಿವಂತನಾಗುವುದು ನಂಬಿಕೆಯಿಂದ ಮಾತ್ರವೇ ಅಲ್ಲ ಅಂತ 2:24ರಲ್ಲಿ ಅಷ್ಟು ಬಿಡಿಸಿ ಬರೆದಿದೆ. ಲೂಥರ್ 1522ರಲ್ಲಿ ಆ ಪತ್ರಿಕೆಯನ್ನು ಹುಲ್ಲಿನ ಪತ್ರಿಕೆ, ಅಂದರೆ ಸತ್ವವಿಲ್ಲದ್ದು ಅಂದ. ಅಂದರೆ ಅವನಿಗೂ ನುಂಗಲಾಗಲಿಲ್ಲ.

ನಾನು ನೋಡಿದ ಮಟ್ಟಿಗೆ, ನಮ್ಮಲ್ಲಿ ಹೆದರಿ ಕೂತವರು ಕಡಿಮೆ. "ನಾನು ರಕ್ಷಣೆ ಹೊಂದಿಯಾಯಿತು" ಅಂತ ಹೇಳಿಕೊಂಡು ಅಣ್ಣತಮ್ಮಂದಿರ ಜೊತೆ ಆಸ್ತಿಗಾಗಿ ಮಾತು ಬಿಟ್ಟವರು, ಕೆಲಸದವರಿಗೆ ಕೂಲಿ ಸರಿಯಾಗಿ ಕೊಡದವರು ಜಾಸ್ತಿ. ಅವರಿಗೆ ಈ ಬೋಧನೆ ಹಾಸಿಗೆಯಾಗಿದೆ. ಅವರಿಗೆ ಅನುಮಾನ ಬರಬೇಕು ಅಂತಲೇ ಯಾಕೋಬ ಬರೆದದ್ದು.

ಬೆರೋಯದವನು

ಯಾಕೋಬನನ್ನೂ ಪೌಲನನ್ನೂ ಎದುರುಬದುರು ನಿಲ್ಲಿಸುವ ಮೊದಲು ಇಬ್ಬರೂ ಅಬ್ರಹಾಮನ ಜೀವನದ ಯಾವ ದಿನ ಹಿಡಿದು ಮಾತಾಡುತ್ತಾರೆ ನೋಡಿ. ರೋಮಾ 4ರಲ್ಲಿ ಪೌಲ ಹಿಡಿಯುವುದು ಆದಿಕಾಂಡ 15. ಮಕ್ಕಳಿಲ್ಲದ ಮುದುಕನಿಗೆ ದೇವರು ನಕ್ಷತ್ರ ತೋರಿಸಿ ಮಾತು ಕೊಡುತ್ತಾನೆ, ಅವನು ನಂಬುತ್ತಾನೆ, ಅದು ನೀತಿ ಅಂತ ಎಣಿಕೆಯಾಗುತ್ತದೆ. ಯಾಕೋಬ ಮುಖ್ಯವಾಗಿ ಹಿಡಿಯುವುದು ಆದಿಕಾಂಡ 22, ಇಸಾಕನನ್ನು ಅರ್ಪಿಸಿದ ದಿನ. ನಡುವೆ ಎಷ್ಟು ವರ್ಷ! ಇಸಾಕ ಹುಟ್ಟಿ ಬೆಟ್ಟಕ್ಕೆ ಸೌದೆ ಹೊರುವಷ್ಟು ದೊಡ್ಡವನಾಗಿದ್ದಾನೆ. 15ನೇ ಅಧ್ಯಾಯದ ನಂಬಿಕೆ ಸುಳ್ಳಲ್ಲ ಅಂತ 22ರಲ್ಲಿ ಕಂಡಿತು. 15ರಲ್ಲಿ ದೇವರು ಎಣಿಸಿದ್ದನ್ನು 22ರವರೆಗೆ ತಡೆಹಿಡಿದಿರಲಿಲ್ಲ.

ಇನ್ನೊಂದು ವಿಷಯ. 15ಕ್ಕೂ 22ಕ್ಕೂ ನಡುವೆ ಅಬ್ರಹಾಮ ಏನೇನು ಮಾಡಿದ ಅಂತಲೂ ಓದಿ. ಹಾಗರಳ ಕಥೆ 16ರಲ್ಲಿದೆ. ಸಾರಳನ್ನು ತಂಗಿ ಅಂತ ಹೇಳಿ ಇನ್ನೊಬ್ಬ ರಾಜನ ಮನೆಗೆ ಹೋಗಲು ಬಿಟ್ಟದ್ದು 20ರಲ್ಲಿದೆ. ನಂಬಿಕೆಯ ತಂದೆ ಅನ್ನಿಸಿಕೊಂಡವನ ಲೆಕ್ಕಪುಸ್ತಕವೇ ಹಾಗಿದೆ.

ಯಾಕೋಬ_2_17

ಹಾಗರಳ ವಿಷಯ ಸರಿ. ಆದರೆ 22 ಬಾರದೇ ಹೋಗಿದ್ದರೆ? ನಿಮ್ಮ ಉತ್ತರದಲ್ಲಿ ಆ ಪ್ರಶ್ನೆ ಹಾಗೇ ಉಳಿಯಿತು.

ಹಳೇ ಓದುಗ

ಯಾಕೋಬ ಅವರೇ, ನಿಮ್ಮ ಪ್ರಶ್ನೆ ಸರಿಯಾದದ್ದೇ, ಕೇಳಬೇಕಾದವರು ಬೇರೆ. ಕೂಲಿ ತಡೆಹಿಡಿದವನಿಗೆ ಯಾಕೋಬ 5:4 ಓದಿ ಹೇಳಿ, ನಾನೂ ಜೊತೆಗೆ ಬರುತ್ತೇನೆ. ಕೂಲಿ ತಾನಾಗಿ ಕೂಗುತ್ತಿದೆ ಅಂತ ಅಲ್ಲಿದೆ. ಆದರೆ ಈ ಹುಡುಗ ರಾತ್ರಿಯೆಲ್ಲ ತನ್ನ ಪಾಪ ಎಣಿಸುತ್ತಿರುವವನು. ಅದೇ ವಚನ ಒಬ್ಬನನ್ನು ಎಬ್ಬಿಸುತ್ತದೆ, ಇನ್ನೊಬ್ಬನನ್ನು ಹೊಡೆದು ಮಲಗಿಸುತ್ತದೆ.

ಕ್ರಿಯೆ ಬೇಡ ಅಂತ ನಾನೂ ಹೇಳುವುದಿಲ್ಲ. ಎಫೆಸ 2:8-9 ಬಾಯಿಪಾಠ ಮಾಡುವವರು 10ನ್ನೂ ಮಾಡಬೇಕು, ಸತ್ಕ್ರಿಯೆಗಳನ್ನು ಮಾಡಲೆಂದೇ ಸೃಷ್ಟಿಯಾದವರು ಅಂತ ಅಲ್ಲಿದೆ. ಕ್ರಿಯೆ ಇರಲಿ. ದೇವರು ನನ್ನನ್ನು ಸೇರಿಸಿಕೊಂಡಿದ್ದಾನೋ ಇಲ್ಲವೋ ಅಂತ ತಿಳಿಯಲು ದಿನಾ ಅದನ್ನು ಎಣಿಸುವುದು ಬೇಡ ಅನ್ನುತ್ತೇನೆ. ಮತ್ತಾಯ 25ರಲ್ಲಿ ಬಲಗಡೆ ನಿಂತವರು "ಕರ್ತನೇ, ನಿನಗೆ ಯಾವಾಗ ಊಟ ಕೊಟ್ಟೆವು" ಅಂತ ಕೇಳುತ್ತಾರೆ. ಮಾಡಿದ್ದಾರೆ, ಲೆಕ್ಕ ಇಟ್ಟಿಲ್ಲ. ಮತ್ತಾಯ 7ರಲ್ಲಿ "ನಿಮ್ಮನ್ನು ನಾನು ಅರಿಯೆ" ಅನ್ನಿಸಿಕೊಂಡವರು ಪಟ್ಟಿ ಹಿಡಿದೇ ಬಂದಿದ್ದರು: ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು ಅಂತ.

ಸುಮ್ನೆ ಕೇಳ್ದೆ

ನಾನು ಕ್ರೈಸ್ತನಲ್ಲ, ಸುಮ್ನೆ ಓದುತ್ತಿದ್ದೆ. ತಪ್ಪು ತಿಳಿಯಬೇಡಿ. ಒಬ್ಬ ಜೀವನಪೂರ್ತಿ ಕೊಲೆ ಸುಲಿಗೆ ಮಾಡಿ ಕೊನೆಗೆ ನಂಬುತ್ತೇನೆ ಅಂದರೆ ಅವನು ಒಳಗೆ. ನಮ್ಮಮ್ಮ ಯಾರಿಗೂ ಒಂದು ಕೆಟ್ಟ ಮಾತು ಆಡಿದವಳಲ್ಲ, ಅವಳು ಹೊರಗೆ. ಇದು ನ್ಯಾಯನಾ? ಮತ್ತೆ, ಎಲ್ಲ ಮುಂಚೆಯೇ ಕ್ಷಮೆಯಾಗಿದೆ ಅಂದಮೇಲೆ ಒಳ್ಳೆಯವರಾಗಿ ಇರುವುದಾದರೂ ಯಾಕೆ?

ಬೆರೋಯದವನು

ತಪ್ಪು ಯಾಕೆ ತಿಳಿಯುತ್ತೇವೆ, ಕೇಳಲೇಬೇಕಾದ ಪ್ರಶ್ನೆ. ಎರಡನೆಯದನ್ನು ಪೌಲನಿಗೂ ಯಾರೋ ಕೇಳಿದ್ದರು. ಕೃಪೆ ಹೆಚ್ಚಲಿ ಅಂತ ಪಾಪದಲ್ಲೇ ಇರೋಣವೋ? ರೋಮಾ 6 ಶುರುವಾಗುವುದೇ ಅದರಿಂದ, ಎಂದಿಗೂ ಇಲ್ಲ ಅಂತ ಅವನೇ ಹೇಳುತ್ತಾನೆ. ಒಬ್ಬರ ಪ್ರೀತಿ ಖಚಿತ ಅಂತ ಗೊತ್ತಾದ ಮೇಲೆ ಅವರ ಮನಸ್ಸು ನೋಯಿಸಲು ನಮಗೆ ಇಷ್ಟವಾಗುವುದಿಲ್ಲ. ಹೊರಗೆ ಹಾಕುತ್ತಾರೆ ಅನ್ನುವ ಹೆದರಿಕೆಯಿಂದ ಒಳ್ಳೆಯವರಾದರೆ ಅದು ನಮಗಾಗಿ ಮಾಡಿಕೊಂಡದ್ದೇ ಆಗುತ್ತದೆ.

ಕೊನೆಗಳಿಗೆಯವನು ಅಂದಿರಲ್ಲ, ಲೂಕ 23ರಲ್ಲಿ ಅಂಥವನೇ ಇದ್ದಾನೆ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ತೂಗುತ್ತಿದ್ದ ಅಪರಾಧಿ. ನಮಗೆ ಆಗುತ್ತಿರುವುದು ನ್ಯಾಯವೇ ಅಂತ ತಾನೇ ಒಪ್ಪುತ್ತಾನೆ. ನನ್ನನ್ನು ನೆನಪಿಸಿಕೋ ಅಂತ ಕೇಳುತ್ತಾನೆ. ಅವನಿಗೆ ದೀಕ್ಷಾಸ್ನಾನವಿಲ್ಲ, ಕದ್ದದ್ದನ್ನು ಹಿಂದೆ ಕೊಡಲು ಕೈ ಬಿಡುವಿಲ್ಲ, ನಾಳೆ ಅನ್ನುವುದೇ ಇಲ್ಲ. ಇವತ್ತೇ ನನ್ನ ಸಂಗಡ ಇರುವೆ ಅಂತ ಉತ್ತರ ಬಂತು. ಇದು ಅನ್ಯಾಯ ಅನ್ನಿಸುವುದು ಸಹಜ. ಮತ್ತಾಯ 20ರಲ್ಲಿ ಬೆಳಿಗ್ಗೆಯಿಂದ ದುಡಿದ ಆಳುಗಳಿಗೂ ಹಾಗೇ ಅನ್ನಿಸಿ ಗೊಣಗಿದರು. ಆ ಕಥೆ ಹೇಳಿದವನಿಗೆ ನಮ್ಮ ಗೊಣಗಾಟ ಮೊದಲೇ ಗೊತ್ತಿತ್ತು.

ನಿಮ್ಮ ತಾಯಿಯ ವಿಷಯದಲ್ಲಿ ತೀರ್ಪು ಹೇಳಲು ನಾನು ಯಾರು? ಸರ್ವಲೋಕಕ್ಕೆ ನ್ಯಾಯತೀರಿಸುವವನು ನ್ಯಾಯವನ್ನೇ ಮಾಡುವನು ಅಂತ ಅಬ್ರಹಾಮ ಆದಿಕಾಂಡ 18ರಲ್ಲಿ ಹಿಡಿದ ಮಾತನ್ನೇ ನಾನೂ ಹಿಡಿಯುತ್ತೇನೆ. ಇಷ್ಟು ಮಾತ್ರ ಹೇಳಬಲ್ಲೆ, ಒಳ್ಳೆಯತನದ ಮೆಟ್ಟಿಲು ಹತ್ತಿ ಅಲ್ಲಿಗೆ ಸೇರಿದವರು ನಮ್ಮಲ್ಲೂ ಯಾರೂ ಇಲ್ಲ.

ಸುಮ್ನೆ ಕೇಳ್ದೆ

ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಮ್ಮನ ಬಗ್ಗೆ ಅವಸರದಲ್ಲಿ ಉತ್ತರ ಹೇಳದೆ ಇದ್ದದ್ದಕ್ಕೆ ಥ್ಯಾಂಕ್ಸ್.

ಜಪಸರ

ನಾನು ಕಥೋಲಿಕ. ಈ ವಿಷಯ ಎಲ್ಲಿ ಬಂದರೂ "ಕಥೋಲಿಕರು ಕ್ರಿಯೆಯಿಂದ ರಕ್ಷಣೆ ಅನ್ನುತ್ತಾರೆ" ಅಂತ ಯಾರಾದರೂ ಬರೆದೇ ಬರೆಯುತ್ತಾರೆ. ಇಲ್ಲಿ ಇನ್ನೂ ಬರೆದಿಲ್ಲ, ಬರೆಯುವ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಬಿಷಪರು ಸೇರಿ ಬೋಧನೆ ತೀರ್ಮಾನಿಸಿದ ಟ್ರೆಂಟ್ ಮಹಾಸಭೆಯ ಆರನೇ ಅಧಿವೇಶನದ (1547) ಮೊದಲ ನಿಯಮವೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಮನುಷ್ಯ ತನ್ನ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಲ್ಲ ಅನ್ನುವವನನ್ನು ಖಂಡಿಸುತ್ತದೆ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ನಮ್ಮ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಸೇರಿ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಅಂತ ಅದರಲ್ಲಿದೆ. 2006ರಲ್ಲಿ ಮೆಥಡಿಸ್ಟರೂ ಸೇರಿಕೊಂಡರು. ಎಲ್ಲ ಭಿನ್ನಾಭಿಪ್ರಾಯ ಮುಗಿದಿಲ್ಲ ನಿಜ, ಆದರೆ ಇಷ್ಟಾದರೂ ತಿಳಿದಿರಲಿ.

ವ್ಯತ್ಯಾಸ ಇರುವುದು ನಿಶ್ಚಯದ ವಿಷಯದಲ್ಲಿ. ದೇವರ ಕರುಣೆಯನ್ನು ಯಾರೂ ಸಂಶಯಿಸಬಾರದು, ಆದರೆ ತನ್ನ ದೌರ್ಬಲ್ಯ ನೋಡಿಕೊಂಡಾಗ ತಾನು ಕೃಪೆಯಲ್ಲಿದ್ದೇನೆ ಅಂತ ತಪ್ಪಾಗಲಾರದಷ್ಟು ಖಚಿತವಾಗಿ ಯಾರೂ ತಿಳಿಯಲಾರರು ಅಂತ ಟ್ರೆಂಟ್ ಹೇಳಿತು. ಅರೆನಂಬಿಕೆ ಅವರೇ, ನಿಮಗೆ ಇದು ಭಯ ಹುಟ್ಟಿಸಬಹುದು, ನನಗೆ ಹಗುರ ಅನ್ನಿಸುತ್ತದೆ. ನನ್ನ ಒಳಗನ್ನು ಪೂರ್ತಿ ಓದುವ ಕೆಲಸ ನನ್ನದಲ್ಲ ಅಂತಾಯಿತು. 1431ರಲ್ಲಿ ಧರ್ಮದ್ರೋಹದ ವಿಚಾರಣೆಯಲ್ಲಿ ಫ್ರಾನ್ಸಿನ ಜೋನ್ ಆಫ್ ಆರ್ಕ್‌ಗೆ "ನೀನು ದೇವರ ಕೃಪೆಯಲ್ಲಿದ್ದೀಯಾ" ಅಂತ ಕೇಳಿದರು. ಹೌದು ಅಂದರೂ ಸಿಕ್ಕಿಬೀಳುತ್ತಾಳೆ, ಇಲ್ಲ ಅಂದರೂ ಸಿಕ್ಕಿಬೀಳುತ್ತಾಳೆ. ಅವಳು ಹೇಳಿದ್ದು: ಇಲ್ಲದಿದ್ದರೆ ದೇವರು ನನ್ನನ್ನು ಅಲ್ಲಿಡಲಿ, ಇದ್ದರೆ ಅಲ್ಲೇ ಉಳಿಸಲಿ. 24ನೇ ವಯಸ್ಸಿಗೆ ತೀರಿಕೊಂಡ ಲಿಸಿಯೂದ ಸಂತ ತೆರೇಸಾ ಬರಿಗೈಯಲ್ಲಿ ನಿನ್ನ ಮುಂದೆ ಬರುತ್ತೇನೆ ಅಂತ ಬರೆದಳು. ಮಠದಲ್ಲಿ ಅಷ್ಟು ವರ್ಷ ಕಳೆದವಳು!

ಹಳೇ ಓದುಗ

ಜಪಸರ ಅವರೇ, ತೆರೇಸಾಳ ಮಾತು ನಮ್ಮ ಯಾವ ಪ್ರಸಂಗಕ್ಕೂ ಕಡಿಮೆಯಿಲ್ಲ. ಆದರೂ ಟ್ರೆಂಟ್ ಹೇಳಿದಲ್ಲಿಗೆ ನಾನು ನಿಲ್ಲಲಾರೆ. "ನನ್ನ ಬಳಿಗೆ ಬರುವವನನ್ನು ಎಷ್ಟು ಮಾತ್ರಕ್ಕೂ ತಳ್ಳಿಬಿಡುವುದಿಲ್ಲ" ಅಂತ ಯೋಹಾನ 6:37ರಲ್ಲಿ ಕೊಟ್ಟ ಮಾತು ನನ್ನ ಒಳಗಿನದ್ದಲ್ಲ. ನನ್ನ ದೌರ್ಬಲ್ಯ ನೋಡಿದರೆ ಖಚಿತ ಇರುವುದಿಲ್ಲ, ಸರಿ. ಅದಕ್ಕೇ ಅಲ್ಲಿ ನೋಡಬೇಡ ಅನ್ನುವುದು. ಇದು ನಾವಿಬ್ಬರೂ ಕೂತು ಮಾತಾಡಬೇಕಾದ ವಿಷಯ, ಇಲ್ಲಿ ಬೇಡ.

ತಮ್ಮಾ, ನೀನು ಸಾಕ್ಷಿಗಳ ಬಗ್ಗೆ ಬರೆದದ್ದಕ್ಕೆ ಬರುತ್ತೇನೆ. ಸಾಕ್ಷಿ ಹೇಳುವವರಿಗೆಲ್ಲ ಇಷ್ಟವಾದ ಹೆಸರು ಜಾನ್ ವೆಸ್ಲಿ, ಮೆಥಡಿಸ್ಟ್ ಚಳವಳಿ ಶುರುಮಾಡಿದವನು. ಆಕ್ಸ್‌ಫರ್ಡ್‌ನಲ್ಲಿ ವಾರಕ್ಕೆ ಎರಡು ದಿನ ಉಪವಾಸ, ಸೆರೆಮನೆ ಭೇಟಿ, ಬಡವರ ಸೇವೆ ಎಲ್ಲ ಮಾಡಿದವನು. 1735ರಲ್ಲಿ ಮಿಷನರಿಯಾಗಿ ಅಮೆರಿಕದ ಜಾರ್ಜಿಯಾಕ್ಕೆ ಹೊರಟ. ನಡುಗಡಲಲ್ಲಿ ಬಿರುಗಾಳಿ ಎದ್ದಾಗ ಇವನು ಸಾವಿಗೆ ಹೆದರಿದ. ಅದೇ ಹಡಗಿನಲ್ಲಿದ್ದ ಮೊರೇವಿಯನ್ ಸಭೆಯ ಜರ್ಮನರು ಕೀರ್ತನೆ ಹಾಡುತ್ತಿದ್ದರು. ಹಿಂತಿರುಗಿ ಬಂದು, 1738ರ ಮೇ 24ರ ಸಂಜೆ ಲಂಡನ್‌ನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದ ಹೋದ. ಅಲ್ಲಿ ಯಾರೋ ರೋಮಾ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರು. ಎದೆ ಬೆಚ್ಚಗಾಯಿತು, ನನ್ನ ಪಾಪವನ್ನೂ ತೆಗೆದುಹಾಕಿದ್ದಾನೆ ಅನ್ನುವ ಭರವಸೆ ಬಂತು ಅಂತ ಬರೆದುಕೊಂಡ.

ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಇದರ ಮುಂದಿನದ್ದನ್ನು ಹೇಳುವವರು ಕಡಿಮೆ. ಮುಂದಿನ ಜನವರಿಯಲ್ಲಿ ಅದೇ ದಿನಚರಿಯಲ್ಲಿ ಅದೇ ಮನುಷ್ಯ, ನಾನು ಈಗ ಕ್ರೈಸ್ತನಲ್ಲ ಅಂತ ಬರೆದಿದ್ದಾನೆ. ವರ್ಷ ಕೂಡ ತುಂಬಿರಲಿಲ್ಲ. ಎದೆ ಬೆಚ್ಚಗಾಗುವುದು ಬರುತ್ತದೆ, ಹೋಗುತ್ತದೆ. ನಿಶ್ಚಯ ಇಲ್ಲದವನಿಗೆ ರಕ್ಷಣೆಯೇ ಇಲ್ಲ ಅನ್ನುವ ಹಾಗೆ ಮೊದಮೊದಲು ಬೋಧಿಸಿದ ವೆಸ್ಲಿ ವಯಸ್ಸಾದ ಮೇಲೆ ಆ ಮಾತು ಬಿಟ್ಟ. ಅತ್ತ ಕ್ಯಾಲ್ವಿನ್ ಪಂಥದವರ 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣದ 18ನೇ ಅಧ್ಯಾಯವೂ ಅದನ್ನೇ ಹೇಳುತ್ತದೆ. ನಿಜವಾದ ವಿಶ್ವಾಸಿ ನಿಶ್ಚಯಕ್ಕಾಗಿ ತುಂಬ ಕಾಲ ಕಾಯಬೇಕಾಗಬಹುದು, ಬಂದ ನಿಶ್ಚಯ ಅಲುಗಾಡಲೂಬಹುದು. ಎಷ್ಟೋ ವಿಷಯದಲ್ಲಿ ಜಗಳವಾಡುವ ಎರಡು ಗುಂಪು ಇದರಲ್ಲಿ ಒಂದೇ ಮಾತು ಆಡಿವೆ. ಹಾಗಾಗಿ ನಿಶ್ಚಯ ಇಲ್ಲ ಅನ್ನುವುದರಿಂದಲೇ ರಕ್ಷಣೆ ಇಲ್ಲ ಅಂತ ತೀರ್ಮಾನ ಮಾಡಬೇಡ.

ರಾತ್ರಿಪಾಳಿ

ಅರೆನಂಬಿಕೆ, ನಾನು ಬೇರೆ ಕಡೆಯಿಂದ ಒಂದು ಮಾತು ಹೇಳಲಾ? ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು ನಾನು, ಬೋಧಕಿ ಅಲ್ಲ.

ಅದೇ ಪ್ರಾರ್ಥನೆ ಮತ್ತೆ ಮತ್ತೆ, ಸರಿಯಾಗಿ ಹೇಳಿದೆನಾ ಅನ್ನುವ ಅನುಮಾನ, ಹೇಳಿದ ಮೇಲೆ ಒಂದು ಗಳಿಗೆ ನೆಮ್ಮದಿ, ಆಮೇಲೆ ಮೊದಲಿನದ್ದೇ ಗಾಬರಿ. ಇದನ್ನು ಓದಿದ ಕೂಡಲೇ ನನಗೆ ಓಸಿಡಿ, ಅಂದರೆ ಬೇಡವಾದ ಯೋಚನೆ ಬಂದು ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಮಾನಸಿಕ ಕಾಯಿಲೆ, ನೆನಪಾಯಿತು. ಓಸಿಡಿ ಅಂದರೆ ಕೈ ತೊಳೆಯುವುದು, ಬೀಗ ನೋಡುವುದು ಅಷ್ಟೇ ಅಂತ ಜನ ಅಂದುಕೊಳ್ಳುತ್ತಾರೆ. ಅದು ಪಾಪ, ಕ್ಷಮೆ, ದೇವದೂಷಣೆ ಇಂಥ ವಿಷಯಗಳನ್ನು ಹಿಡಿದೂ ಬರುತ್ತದೆ. ನಿಮಗೆ ಅದೇ ಇದೆ ಅಂತ ಹೇಳುತ್ತಿಲ್ಲ, ಇಲ್ಲಿ ಕೂತು ಹೇಳಲೂ ಆಗದು. ನಿದ್ದೆ, ಕೆಲಸ, ಊಟಕ್ಕೆ ತೊಂದರೆಯಾಗುತ್ತಿದ್ದರೆ ಒಬ್ಬ ಮಾನಸಿಕ ವೈದ್ಯರನ್ನು ನೋಡಿ. ಮಾತಿನ ಚಿಕಿತ್ಸೆಯೂ ಇದೆ, ಔಷಧಿಯೂ ಇದೆ. ವೈದ್ಯರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಅವರ ಮಾತು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಿ.

ಇನ್ನೊಂದು. ಇಂಥ ಗಾಬರಿಗೆ ಪ್ರತಿಸಲ ಸಮಾಧಾನ ಹುಡುಕುವುದೇ ಅದನ್ನು ಬೆಳೆಸುತ್ತದೆ. ಈ ಚರ್ಚೆಯನ್ನೇ ನೀವು ದಿನಾ ಬಂದು ಓದುತ್ತಾ, ಇವತ್ತು ಖಾತ್ರಿಯಾಯಿತಾ ಅಂತ ನೋಡಿಕೊಳ್ಳಬಹುದು. ಬೇಡ. ಆ ಪಾಪಿಯ ಪ್ರಾರ್ಥನೆಯನ್ನು ಕೆಲವು ದಿನ ಹೇಳಲೇಬೇಡಿ ಅಂತ ನಾನು ಅನ್ನುತ್ತೇನೆ. ದೇವರು ಕಿವುಡನಲ್ಲ, ಒಂದು ಸಲ ಕೇಳಿಸಿಕೊಂಡಿದ್ದಾನೆ. ಅದರ ಬದಲು ಬೇರೆಯವರಿಗಾಗಿ ಪ್ರಾರ್ಥಿಸಿ.

ಅರೆನಂಬಿಕೆ

ಅಕ್ಕಾ, ಆ ಒಂದು ಗಳಿಗೆಯ ನೆಮ್ಮದಿ ಅಂದಿರಲ್ಲ, ಅಕ್ಷರಶಃ ಹಾಗೇ. ಯಾರೂ ನನಗೆ ಇದನ್ನು ಹೇಳಿರಲಿಲ್ಲ. ವೈದ್ಯರ ವಿಷಯ ಮನೆಯಲ್ಲಿ ಮಾತಾಡುತ್ತೇನೆ.

ಇನ್ನು ಎರಡು ಪ್ರಶ್ನೆ ಉಳಿದಿವೆ, ಕೇಳಿಬಿಡುತ್ತೇನೆ. ಇಬ್ರಿಯ 6:4-6. ಒಮ್ಮೆ ಬೆಳಕು ಕಂಡು ಆಮೇಲೆ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಅಸಾಧ್ಯ ಅಂತ ಇದೆ. ನನ್ನ ಕಾಲೇಜು ದಿನಗಳಲ್ಲಿ ನಾನು ಸಭೆ ಬಿಟ್ಟಿದ್ದೆ. ಎರಡನೆಯದು, ಕೆಲವು ತಿಂಗಳಿಂದ ಕರ್ತನ ಭೋಜನ (ಯೇಸುವಿನ ನೆನಪಿಗೆ ಸಭೆಯಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುತ್ತಿಲ್ಲ. ಅಯೋಗ್ಯವಾಗಿ ತಿಂದು ಕುಡಿದರೆ ನ್ಯಾಯತೀರ್ಪು ಅಂತ 1 ಕೊರಿಂಥ 11ರಲ್ಲಿದೆಯಲ್ಲ. ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತೇನೆ. ಜನ ನೋಡುತ್ತಾರೆ.

ಬೆರೋಯದವನು

ಇಬ್ರಿಯ 6ರ ಮೇಲೆ ನಡೆದಷ್ಟು ವಾದ ಬೇರೆ ವಚನಗಳ ಮೇಲೆ ನಡೆದದ್ದು ಕಡಿಮೆ. ನಿಜವಾದ ವಿಶ್ವಾಸಿ ಕೊನೆಗೆ ಬಿದ್ದುಹೋಗಲಾರ ಅಂತ ಹಾಲೆಂಡಿನಲ್ಲಿ ಕ್ಯಾಲ್ವಿನ್ ಪಂಥದವರು ಸೇರಿದ 1618-19ರ ಡೋರ್ಟ್ ಸಭೆ ಹೇಳಿತು. ಬೀಳಬಹುದು ಅಂತ ವೆಸ್ಲಿ ಬೋಧಿಸಿದ. ನಾನು ಡೋರ್ಟ್ ಕಡೆ. ಆದರೆ ನಿಮ್ಮ ಪ್ರಶ್ನೆಗೆ ಆ ಜಗಳ ತೀರುವವರೆಗೆ ಕಾಯಬೇಕಿಲ್ಲ. ಆ ವಚನಗಳು ಹೇಳುವುದು ಕ್ರಿಸ್ತನನ್ನು ಬೇಡ ಅಂತ ಬಹಿರಂಗವಾಗಿ ಅವಮಾನಕ್ಕೆ ಗುರಿಮಾಡಿ, ಪಶ್ಚಾತ್ತಾಪವೇ ಹುಟ್ಟದವರ ಬಗ್ಗೆ. ನೀವು ಪಶ್ಚಾತ್ತಾಪ ಸಾಲದೇನೋ ಅಂತ ಕಣ್ಣೀರಿಡುತ್ತಿದ್ದೀರಿ! ಪೇತ್ರ ಆಣೆಯಿಟ್ಟು ಯೇಸುವನ್ನು ಅರಿಯೆ ಅಂದ. ಅವನನ್ನು ಯೇಸು ತಾನೇ ಕರೆದು ಕುರಿಗಳನ್ನು ಒಪ್ಪಿಸಿದ. ಮತ್ತೆ 6ನೇ ಅಧ್ಯಾಯವನ್ನು 6ಕ್ಕೆ ನಿಲ್ಲಿಸಬೇಡಿ. 9ರಲ್ಲಿ ಪ್ರಿಯರೇ ಅಂತ ಕರೆದು ನಿಮ್ಮ ವಿಷಯದಲ್ಲಿ ನಮಗೆ ಒಳ್ಳೆಯ ಭರವಸೆಯಿದೆ ಅನ್ನುತ್ತಾನೆ, 19ರಲ್ಲಿ ನಿರೀಕ್ಷೆಯೇ ಪ್ರಾಣಕ್ಕೆ ಲಂಗರು ಅನ್ನುವ ಮಾತು ಬರುತ್ತದೆ.

ಹಳೇ ಓದುಗ

ಎದ್ದು ಹೊರಗೆ ಹೋಗುತ್ತೀಯಾ! ಇದನ್ನು ಮೊದಲೇ ಹೇಳಬಾರದಿತ್ತಾ.

ಕೊರಿಂಥದಲ್ಲಿ ಆಗಿದ್ದೇನು ಅಂತ 11:20ರಿಂದ ಓದು. ಇದ್ದವರು ಮೊದಲೇ ಬಂದು ತಿಂದು ಕುಡಿದು ಮತ್ತರಾಗುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಬಡವರಿಗೆ ಅವಮಾನ ಮಾಡುತ್ತೀರಾ ಅಂತ ಪೌಲ ಕೇಳುತ್ತಾನೆ. ಅಯೋಗ್ಯವಾಗಿ ಅನ್ನುವ ಬೈಗುಳ ಬಂದದ್ದು ಅಂಥವರಿಗೆ. ತನ್ನ ನಂಬಿಕೆ ಚಿಕ್ಕದು ಅಂತ ಅಳುವವನಿಗೆ ಬಂದದ್ದಲ್ಲ. ನಮ್ಮ ಯಾಕೋಬ ಅವರಿಗೂ ಈ ಭಾಗ ಇಷ್ಟವಾಗುತ್ತದೆ ಅಂದುಕೊಳ್ಳುತ್ತೇನೆ.

ಆ ಹೈಡಲ್‌ಬರ್ಗ್‌ನಲ್ಲೇ 81ನೇ ಪ್ರಶ್ನೆ, ಕರ್ತನ ಮೇಜಿಗೆ ಯಾರು ಬರಬೇಕು ಅಂತ. ತಮ್ಮ ಪಾಪಗಳಿಗಾಗಿ ತಮ್ಮ ಬಗ್ಗೆಯೇ ಬೇಸರಪಟ್ಟುಕೊಂಡವರು, ಆದರೂ ಕ್ರಿಸ್ತನಿಂದ ಕ್ಷಮೆಯಿದೆ ಅಂತ ನಂಬಿದವರು, ತಮ್ಮ ನಂಬಿಕೆ ಇನ್ನೂ ಬಲವಾಗಲಿ ಅಂತ ಆಸೆಪಡುವವರು. ನಂಬಿಕೆ ಬಲವಾದ ಮೇಲೆ ಬನ್ನಿ ಅಂದಿಲ್ಲ. ಬಲಹೀನವಾಗಿದೆ ಅಂತಲೇ ಬರುವುದು. ಆ ರೊಟ್ಟಿ ನಿನ್ನ ಕೈಗೆ ಹೊರಗಿನಿಂದ ಬರುತ್ತದೆ, "ನಿಮಗೋಸ್ಕರ" ಅಂತ ಹೇಳಿ ಕೊಡುತ್ತಾರೆ. ನಿನ್ನ ಒಳಗೆ ಏನು ಅನ್ನಿಸುತ್ತಿದೆ ಅಂತ ಆಗ ನೋಡಬೇಕಾಗಿಲ್ಲ. ಲೂಥರ್ ಇಂಥ ಗಾಬರಿಯ ಹೊತ್ತಿಗೆ ನನಗೆ ದೀಕ್ಷಾಸ್ನಾನ ಆಗಿದೆ ಅಂತ ಹೇಳಿಕೊಳ್ಳಿ ಅಂತ ಕಲಿಸಿದ್ದೂ ಅದಕ್ಕೇ. ಅದು ನಡೆದ ಸಂಗತಿ, ಮನಸ್ಸು ಎಷ್ಟು ಹೊಯ್ದಾಡಿದರೂ ನಡೆಯಲಿಲ್ಲ ಅಂತ ಆಗದು.

ನಿಮ್ಮ ಪಾಸ್ಟರ್ ಜೊತೆ ಮಾತಾಡು. ಇಲ್ಲಿ ಬರೆದಿದ್ದನ್ನೇ ಅವರಿಗೆ ಓದಲು ಕೊಡು, ಬಾಯಲ್ಲಿ ಹೇಳುವ ಕಷ್ಟ ತಪ್ಪುತ್ತದೆ.

ಯಾಕೋಬ_2_17

ಇಷ್ಟವಾಯಿತು. ಅರೆನಂಬಿಕೆ ಅವರೇ, ನಾನು ಬರೆದದ್ದು ನಿಮಗಲ್ಲ. ಹೊರಗೆ ಹೋಗಬೇಡಿ.

ಅರೆನಂಬಿಕೆ

ಪಾಸ್ಟರ್‌ಗೆ ಕೊಂಡಿ ಕಳಿಸಿದ್ದೇನೆ. ಶನಿವಾರ ಬಾ ಅಂದಿದ್ದಾರೆ. ಅನುಮಾನ ಹೋಗಿಲ್ಲ, ಇವತ್ತು ಬೆಳಿಗ್ಗೆಯೂ ಬಂತು. ಅಕ್ಕ ಹೇಳಿದ ಹಾಗೆ ಆ ಪ್ರಾರ್ಥನೆ ಬಿಟ್ಟು ಸಂಡೇ ಸ್ಕೂಲ್ ಮಕ್ಕಳ ಹೆಸರು ಹೇಳಿ ಪ್ರಾರ್ಥಿಸಿದೆ. ಕೆಲವು ದಿನ ಇಲ್ಲಿಗೆ ಬರುವುದಿಲ್ಲ, ಉತ್ತರ ಬರೆಯದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ನಿರ್ವಾಹಕ

ಕೇಳಿದವರೇ ಸ್ವಲ್ಪ ದಿನ ಬಿಡುವು ಬೇಕು ಅಂದಿರುವುದರಿಂದ ಈ ಚರ್ಚೆಯನ್ನು ಸದ್ಯಕ್ಕೆ ಮುಚ್ಚುತ್ತಿದ್ದೇವೆ. ಟ್ರೆಂಟ್ ಮತ್ತು ನಿಶ್ಚಯದ ವಿಷಯ ಮುಂದುವರಿಸಲು ಜಪಸರ, ಹಳೇ ಓದುಗ ಇಬ್ಬರೂ ಬೇರೆ ಚರ್ಚೆ ಶುರುಮಾಡಬಹುದು. ಡೋರ್ಟ್ ಬಗ್ಗೆ ಈಗಾಗಲೇ ಮೂರು ಚರ್ಚೆ ನಡೆಯುತ್ತಿವೆ, ದಯವಿಟ್ಟು ನಾಲ್ಕನೆಯದು ಬೇಡ.